ವಿಶ್ರಾಂತಿ ಎಂಬ ಹೆಸರಿನ ಊರು

2016ರ ನವೆಂಬರ್ ತಿಂಗಳು. ನಾವಾಗ ಸಿಯಾಟಲ್‌ನಿಂದ ಉತ್ತರಕ್ಕಿರುವ ಲಿನ್‌ವುಡ್‌ನಲ್ಲಿ ಬಾಡಿಗೆಗೆ ಇದ್ದೆವು. ನಮ್ಮ ಯಜಮಾನರು ಹರೀಶ್ ಕೆಲಸಕ್ಕೆ ದೂರದ ಓವರ್‌ಲೇಕ್ ಎಂಬ ಕಡೆಗೆ ಹೋಗುತ್ತಿದ್ದರು. ಮನೆಯಲ್ಲಿದ್ದ ಒಂದೇ ಕಾರು ಬೆಳಗ್ಗೆ ಅವರ ಜೊತೆ ಹೊರಟರೆ ವಾಪಸ್ ಬರುತ್ತಿದ್ದುದು ಕತ್ತಲಾದ ಮೇಲೆಯೇ. ಗಂಡನ ವೀಸಾದ ಮೇಲೆ ಬಂದ ನಮ್ಮಂಥವರಲ್ಲಿ ಕೆಲವರು ದುಡಿಯಬಹುದು ಎಂದು ಹಿಂದಿನ ವರ್ಷವಷ್ಟೇ ಅನುಮತಿ ಸಿಕ್ಕಿತ್ತು. ಅನುಮತಿ ಸಿಕ್ಕರೆ ಸಾಕೇ? ಎಷ್ಟೋ ವರ್ಷ ಮನೆಯಲ್ಲೇ ಇದ್ದವಳಿಗೆ ಕೆಲಸ ಕೊಡುವವರು ಬೇಕಲ್ಲ. ಮೈಸೂರಿನಲ್ಲಿ ಎಂಎಸ್ಸಿ ಮಾಡಿದ್ದ ನಾನು ಕೊನೆಗೆ ಒಂದು ಇಂಡಿಯನ್ ಅಂಗಡಿಯ ಬಿಲ್ಲಿಂಗ್ ಕೌಂಟರ್ ಸೇರಿಕೊಂಡೆ.

ಕೆಲಸ ಕಷ್ಟದ್ದೇನಲ್ಲ. ಆದರೆ ಸಾಯಂಕಾಲದ ಹೊತ್ತಿಗೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಮನಸ್ಸೇ ದಣಿದಿತ್ತು. ಊರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಹೋದರೆ ವೀಸಾ ಸ್ಟಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಹಾಕಿಕೊಂಡರೆ ಗತಿಯೇನು ಎಂಬ ಹೆದರಿಕೆ. ಹೋಗದಿದ್ದರೆ ಅಮ್ಮನ ಮುನಿಸು. ಮಗಳು ಅನಘಳಿಗೆ ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಮೊದಮೊದಲು ತಿದ್ದುತ್ತಿದ್ದೆ. ಆ ವರ್ಷದ ಹೊತ್ತಿಗೆ ತಿದ್ದುವ ಶಕ್ತಿಯೂ ಉಳಿದಿರಲಿಲ್ಲ.

ನನಗೆ ಒಂದು ಚಾಳಿ ಇದೆ. ನನಗೇನು, ನಮ್ಮ ಕಡೆಯವರಿಗೆಲ್ಲ ಇದೆ. ಯಾರೇ ಹೊಸಬರು ಸಿಕ್ಕಲಿ, ಹೆಸರಿಗಿಂತ ಮೊದಲು ಊರು ಕೇಳುತ್ತೇವೆ. ಅಂಗಡಿಗೆ ಬಂದವರು "ಬೆಂಗಳೂರು" ಅಂದರೆ ಬಿಡುವುದಿಲ್ಲ. "ಅದು ಸರಿ, ಊರು ಯಾವುದು?" ಅನ್ನುತ್ತೇವೆ. ಅವರಿಗೂ ಅರ್ಥವಾಗಿ, ನಗುತ್ತಾ ಕುಣಿಗಲ್ಲೋ ಪಿರಿಯಾಪಟ್ಟಣವೋ ಅನ್ನುತ್ತಾರೆ. ಇರುವ ಜಾಗ ಬೇರೆ, ಊರು ಬೇರೆ. ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರಿಗೆ ವಿವರಿಸಬೇಕಾಗುತ್ತದೆ ಎನ್ನುವುದು ಅವತ್ತಿನವರೆಗೂ ನನಗೆ ಹೊಳೆದಿರಲಿಲ್ಲ.

ಅವತ್ತು ಗುರುವಾರ. ನಾಲ್ಕು ಗಂಟೆಗೆ ಕೆಲಸ ಮುಗಿಸಿ ಬಸ್ ಸ್ಟಾಪಿಗೆ ಬಂದೆ. ಅಲ್ಲಿನ ನವೆಂಬರಿನಲ್ಲಿ ಆ ಹೊತ್ತಿಗೇ ಕತ್ತಲಿಳಿಯಲು ಶುರು. ಬೆಳಗ್ಗೆಯಿಂದ ಬಿಡದೆ ಜಿಟಿಜಿಟಿ ಹನಿಯುತ್ತಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಒಬ್ಬರು ಬಿಳಿ ಅಜ್ಜಿ ಕೂತಿದ್ದರು. ಎಂಬತ್ತು ದಾಟಿರಬೇಕು. ಮೈಮೇಲೆ ತೆಳ್ಳಗಿನ ಸ್ವೆಟರ್, ಕಾಲಲ್ಲಿ ಮನೆಯೊಳಗೆ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿ. ಅದು ನೆನೆದು ಮುದ್ದೆಯಾಗಿತ್ತು. ಕೈಯಲ್ಲಿ ಮೊಬೈಲ್ ಇದೆ ಅಂದುಕೊಂಡೆ. ನೋಡಿದರೆ ಟಿವಿ ರಿಮೋಟು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಕರುಣೆಯಲ್ಲ, ಬೇಸರ. ಇವತ್ತೇ ಆಗಬೇಕಿತ್ತಾ ಅನ್ನಿಸಿತು. ಅತ್ತ ತಿರುಗಿ ನಿಂತೆ. ಬಸ್ಸು ಬಂತು, ಬಾಗಿಲು ತೆರೆಯಿತು. ಅಜ್ಜಿ ಎದ್ದು ನಿಂತು ರಿಮೋಟನ್ನು ಬಸ್ಸಿನ ಕಡೆ ಹಿಡಿದು ಗುಂಡಿ ಒತ್ತಿದರು. ಬಸ್ಸು ಮಾಯವಾಗಲಿಲ್ಲ ಎಂದು ಸಪ್ಪೆ ಮುಖ ಮಾಡಿ ಮತ್ತೆ ಕೂತರು. ಆಮೇಲೆ ನನ್ನಿಂದ ಹತ್ತಲಾಗಲಿಲ್ಲ. ಡ್ರೈವರಿಗೆ ಹೋಗಿ ಎಂದು ಕೈ ಮಾಡಿದೆ.

ಪಕ್ಕದಲ್ಲಿ ಕೂತು ಹೆಸರು ಕೇಳಿದೆ. "ಮಾರ್ತಾ" ಅಂದರು. ಇಂಗ್ಲಿಷ್ ಸ್ಪಷ್ಟವಾಗಿತ್ತು, ಆದರೆ ಅಮೆರಿಕದವರ ಹಾಗಿರಲಿಲ್ಲ, ರಕಾರ ನಮ್ಮ ಹಾಗೆ ಗಟ್ಟಿಯಾಗಿ ಬರುತ್ತಿತ್ತು. ನನ್ನ ಮಾಮೂಲಿ ಪ್ರಶ್ನೆ ತಾನಾಗಿಯೇ ಬಾಯಿಂದ ಬಂತು. "ನಿಮ್ಮ ನೇಟಿವ್ ಪ್ಲೇಸ್ ಯಾವುದು?"

"ರುಸ್ಟೆನ್‌ಬರ್ಗ್" ಅಂದರು. ತಡವರಿಸಲಿಲ್ಲ, ಯೋಚಿಸಲಿಲ್ಲ.

ಸದ್ಯ, ಊರು ಗೊತ್ತಾಯಿತಲ್ಲ ಎಂದು ನನಗೆ ಸಮಾಧಾನ. ಹರೀಶ್‌ಗೆ ಫೋನ್ ಮಾಡಿದೆ.

"ರೀ, ಬಸ್ ಸ್ಟಾಪಲ್ಲಿ ಒಬ್ರು ಅಜ್ಜಿ ಇದಾರೆ. ದಾರಿ ತಪ್ಪಿಸ್ಕೊಂಡಿರೋ ಹಾಗಿದೆ. ಏನ್ ಮಾಡ್ಲಿ?"

"ನೈನ್ ಒನ್ ಒನ್‌ಗೆ ಕಾಲ್ ಮಾಡು. ಅವ್ರು ನೋಡ್ಕೋತಾರೆ. ನೀನು ಬಸ್ ಹತ್ಕೊಂಡು ಮನೆಗ್ ಹೋಗು, ಅನಘ ಕಾಯ್ತಾ ಇರ್ತಾಳೆ."

"ಅವಳು ಪಕ್ಕದ್ಮನೆ ತೆಲುಗು ಆಂಟಿ ಹತ್ರ ಇದಾಳೆ, ಇರ್ತಾಳೆ ಬಿಡಿ. ಇವ್ರನ್ನ ಹೀಗೇ ಬಿಟ್ಟು ಹೆಂಗ್ರೀ ಹೋಗೋದು? ಚಪ್ಪಲಿ ನೋಡಿದ್ರೆ ಅಳು ಬರತ್ತೆ."

"ಸರಿ ಮಾರಾಯ್ತಿ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಜಾಸ್ತಿ ಮಾತಾಡ್ಬೇಡ."

ಇದು ನನಗೆ ಹೇಳುವ ಮಾತೇ?

ಪೊಲೀಸರಿಗೆ ಫೋನ್ ಮಾಡಿದೆ. ಅಜ್ಜಿ ಎಲ್ಲಿರುವವರು ಎಂದು ಕೇಳಿದರು. ರುಸ್ಟೆನ್‌ಬರ್ಗ್ ಅಂದೆ. ಅಕ್ಷರ ಬಿಡಿಸಿ ಹೇಳಲು ಹೇಳಿದರು, ತೋಚಿದ ಹಾಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸ್ ಅಧಿಕಾರಿ ಬಂದಳು, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಅವಳ ಸಮವಸ್ತ್ರ ಕಂಡದ್ದೇ ಮಾರ್ತಾ ನನ್ನ ತೋಳು ಹಿಡಿದುಕೊಂಡು ಬಾಯಿ ಮುಚ್ಚಿಕೊಂಡರು. ಆ ಹುಡುಗಿ ಮಂಡಿಯೂರಿ ಕೂತು ಎಷ್ಟು ಮೆತ್ತಗೆ ಕೇಳಿದರೂ ಒಂದು ಮಾತಿಲ್ಲ. ಪೊಲೀಸ್ ಕಾರಿನೊಳಗೆ ಬೆಚ್ಚಗಿದೆ ಬನ್ನಿ ಎಂದು ಕರೆದರೆ ನಡುಗಲು ಶುರು ಮಾಡಿದರು.

ಉಳಿದದ್ದು ನಾನು ಹೇಳಿದ ಹೆಸರೊಂದೇ. "ವಯಸ್ಸಾದವರನ್ನ ನೋಡಿಕೊಳ್ಳೋ ಮನೆಗಳಿಗೆ ಇಂಥ ಹೆಸರೇ ಇರುತ್ತೆ" ಎಂದು ಆ ಹುಡುಗಿ ವೈರ್‌ಲೆಸ್‌ನಲ್ಲಿ ಯಾರಿಗೋ ಹೇಳಿದಳು. ಊರಿನ ಆಚೆ ತುದಿಯಲ್ಲಿ ಅದನ್ನೇ ಹೋಲುವ ಹೆಸರಿನ ಒಂದೆರಡು ಜಾಗಗಳಿದ್ದವಂತೆ. ಅವನ್ನು ವಿಚಾರಿಸಲು ಇನ್ನೊಂದು ಕಾರು ಹೋಯಿತು. ಇವಳು ತನ್ನ ಕಾರಿನಲ್ಲಿ ಕೂತು ಒಂದಾದ ಮೇಲೊಂದು ಫೋನ್ ಮಾಡತೊಡಗಿದಳು. ಕಾರಿಗೆ ಹೋಗುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಮನೆ ಬೇಗ ಸಿಗದಿದ್ರೆ ಆಂಬುಲೆನ್ಸ್ ಕರೆಸ್ತೀನಿ. ಈ ಚಳೀಲಿ ಜಾಸ್ತಿ ಹೊತ್ತು ಕೂರಿಸೋಕಾಗಲ್ಲ" ಅಂದಳು. ಅವಳು ಹೇಳಿದ್ದು ಸರಿಯೇ. ಆದರೆ ಕಾರಿಗೇ ಇಷ್ಟು ಹೆದರಿದವರು ಆಂಬುಲೆನ್ಸು, ಆಸ್ಪತ್ರೆ, ಗುರುತಿಲ್ಲದ ಹತ್ತು ಮುಖ ನೋಡಿದರೆ ಏನಾಗುತ್ತಾರೋ!

ನನ್ನ ಜಾಕೆಟ್ ತೆಗೆದು ಅವರಿಗೆ ಹೊದಿಸಿದೆ. ಫ್ಲಾಸ್ಕಿನಲ್ಲಿ ಅರ್ಧ ಲೋಟ ಕಾಫಿ ಉಳಿದಿತ್ತು. ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟೆ. ಎರಡು ಗುಟುಕು ಕುಡಿದು, "ಸಕ್ಕರೆ ಜಾಸ್ತಿ" ಅಂದರು. ಇಷ್ಟು ಹೊತ್ತಿನಲ್ಲಿ ಅವರಾಗಿಯೇ ಆಡಿದ ಮೊದಲ ಮಾತು ಅದು. ನನಗೆ ಧೈರ್ಯ ಬಂತು. ಮನೆಯ ಬಗ್ಗೆ ಕೇಳಬೇಕೆಂದು ಆಗಲೂ ತಲೆಗೆ ಬರಲಿಲ್ಲ ನೋಡಿ. ಊರು ಹೇಗಿದೆ ಎಂದು ಕೇಳಿದೆ.

ಮುಂದೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಡುನಡುವೆ ಅವರ ಭಾಷೆಯಲ್ಲಿ, ಒಮ್ಮೆ ನನಗೆ, ಒಮ್ಮೆ ರಸ್ತೆಗೆ.

"ಹೆಸರಿನ ಅರ್ಥ ಗೊತ್ತಾ ನಿಂಗೆ?" ಎಂದು ಕೇಳಿದರು. ಇಲ್ಲ ಅಂದೆ. "ರುಸ್ಟ್ ಅಂದ್ರೆ ವಿಶ್ರಾಂತಿ. ಬರ್ಗ್ ಅಂದ್ರೆ ಕೋಟೆ, ಕೋಟೆ ಇರೋ ಊರು. ಡಚ್ಚರ ಮಾತು. ನಮ್ಮ ಆಫ್ರಿಕಾನ್ಸ್ ಭಾಷೆ ಹುಟ್ಟಿದ್ದೂ ಅದರಿಂದಾನೇ." ಬರ್ಗ್ ಎನ್ನುವಾಗ ಕೊನೆಯ ಅಕ್ಷರವನ್ನು ಗಂಟಲಿನಿಂದ ಖಕಾರದ ಹಾಗೆ ಉಜ್ಜಿ ಹೇಳುತ್ತಿದ್ದರು. ನಮ್ಮಲ್ಲಿ ದುರ್ಗ ಇದ್ದ ಹಾಗೆ ಅಂದುಕೊಂಡೆ. ಹಾಲೆಂಡಿನಲ್ಲೂ ಇದೇ ಹೆಸರಿನ ಒಂದು ಹಳ್ಳಿ ಇದೆಯಂತೆ. ಇವರದು ಅದಲ್ಲ. ಇವರ ಅಜ್ಜನ ಅಜ್ಜಂದಿರು ಎತ್ತಿನ ಗಾಡಿಗಳಲ್ಲಿ ಸಂಸಾರ ಹೇರಿಕೊಂಡು ತಿಂಗಳುಗಟ್ಟಲೆ ಅಲೆದು, ದಾರಿಯುದ್ದಕ್ಕೂ ಹೊಡೆದಾಡಿ, ಒಂದು ಬೆಟ್ಟಸಾಲಿನ ಬುಡದಲ್ಲಿ ಗಾಡಿ ಬಿಚ್ಚಿದರಂತೆ. ಇನ್ನು ಸಾಕು, ಇಲ್ಲಿ ದಣಿವಾರಿಸಿಕೊಳ್ಳೋಣ ಎಂದು ಆ ಹೆಸರಿಟ್ಟರು ಎನ್ನುವುದು ಅವರ ಮನೆಯ ಹಿರಿಯರು ಹೇಳುತ್ತಿದ್ದ ಕಥೆ. ನಾನು ಆಮೇಲೆ ಹುಡುಕಿ ನೋಡಿದಾಗ ಬೇರೆ ಕಥೆಗಳೂ ಸಿಕ್ಕವು. ಯಾವುದು ನಿಜವೋ ನನಗೆ ಗೊತ್ತಿಲ್ಲ. ಅರ್ಥವನ್ನು ಮಾತ್ರ ಎಲ್ಲರೂ ಹಾಗೇ ಹೇಳುತ್ತಾರೆ.

ಕಿತ್ತಳೆ ತೋಟದ ಬಗ್ಗೆ ಹೇಳಿದರು, ಹೊಗೆಸೊಪ್ಪು ಒಣಹಾಕುವ ಕೊಟ್ಟಿಗೆಯ ವಾಸನೆಯ ಬಗ್ಗೆ ಹೇಳಿದರು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ ಅಂದರು, "ಆ ಜಾಗದಲ್ಲಿ ಮೊದ್ಲೇ ಜನ ಇದ್ರು ಕಣೆ. ಅವ್ರದೇ ಬೇರೆ ಹೆಸ್ರಿತ್ತು ಆ ಜಾಗಕ್ಕೆ. ನಮ್ಗೆ ಯಾರೂ ಹೇಳ್ಕೊಡ್ಲಿಲ್ಲ. ನನ್ನನ್ನ ಎತ್ತಿ ಆಡಿಸಿ ಸಾಕಿದ್ದು ಆ ಜನದ ಒಬ್ಬ ಹೆಂಗಸು. ಅಡುಗೆ ಅವಳದು, ಬಟ್ಟೆ ಅವಳದು, ನಾವು ಐದು ಜನ ಮಕ್ಕಳು ಅವಳ ಪಾಲಿಗೆ. ಊರಿನ ಹೆಸರು ವಿಶ್ರಾಂತಿ. ಒಂದ್ ದಿನಾನೂ ಅವಳು ಕೂತಿದ್ದು ನಾನ್ ನೋಡಿಲ್ಲ."

ಜಾರಿದ್ದ ಜಾಕೆಟನ್ನು ಅವರ ಹೆಗಲಿಗೆ ಎಳೆದು ಹೊದಿಸಿದೆ. ಅವರು ಮುಂದುವರಿಸಿದರು.

"ಒಂದ್ಸಲ ಅಪ್ಪನ್ನ ಕೇಳ್ದೆ, ಅವಳ್ಯಾಕೆ ನಮ್ ಜೊತೆ ಕೂತ್ಕೊಂಡು ಊಟ ಮಾಡಲ್ಲ ಅಂತ. ಕಪಾಳಕ್ಕೆ ಬಿತ್ತು. ಹತ್ತೊಂಬತ್ತಕ್ಕೆ ಊರು ಬಿಟ್ಟೆ. ಹೊರಡೋವಾಗ ಅವಳು ಬಾಗಿಲಲ್ಲಿ ನಿಂತಿದ್ಲು." ಇಷ್ಟು ಹೇಳಿ ನನ್ನ ಕಡೆ ತಿರುಗಿ, "ನಿಂದು ಯಾವೂರು?" ಎಂದು ಕೇಳಿದರು.

ಆ ದೇಶಕ್ಕೆ ಬಂದಮೇಲೆ ನಮ್ಮವರಲ್ಲದವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. "ಮುಳ್ಳೂರು" ಅಂದೆ. ಅರ್ಥವೇನು ಎಂದರು. "ಮುಳ್ಳಿನ ಊರು. ಎಲ್ಲಿ ನೋಡಿದ್ರೂ ಜಾಲಿ ಮುಳ್ಳು. ಬರಿಗಾಲಲ್ಲಿ ಓಡಾಡೋ ಹಾಗಿಲ್ಲ."

ಮಾರ್ತಾ ಬಾಯ್ತುಂಬ ನಕ್ಕರು. "ಪರ್ವಾಗಿಲ್ಲ, ನಿಮ್ಮೋರು ಇದ್ದದ್ದನ್ನ ಇದ್ದ ಹಾಗೇ ಹೇಳಿದಾರೆ. ನಮ್ಮೋರು ಸುಳ್ಳು ಹೇಳ್ಬಿಟ್ರು."

ಅವರ ಜೊತೆ ನಾನೂ ನಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ. ಎತ್ತಿನ ಗಾಡಿ, ಕಿತ್ತಳೆ ತೋಟ, ಹೊಗೆಸೊಪ್ಪು. ಲಿನ್‌ವುಡ್‌ನಲ್ಲಿ ಕಿತ್ತಳೆ ತೋಟ ಎಲ್ಲಿಂದ ಬರಬೇಕು? ಮೊಬೈಲ್ ತೆಗೆದು ಆ ಹೆಸರು ಬರೆದು ನೋಡಿದೆ. ದಕ್ಷಿಣ ಆಫ್ರಿಕಾದ ನಕ್ಷೆ ತೆರೆದುಕೊಂಡಿತು. ಪೊಲೀಸರು ಊರೆಲ್ಲ ಹುಡುಕುತ್ತಿದ್ದದ್ದು ಭೂಮಿಯ ಆ ತುದಿಯಲ್ಲಿರುವ ಜಾಗವನ್ನು. ಮಾರ್ತಾ ತಪ್ಪು ಹೇಳಿರಲಿಲ್ಲ. ನಾನು ಊರು ಕೇಳಿದ್ದೆ, ಅವರು ಊರನ್ನೇ ಹೇಳಿದ್ದರು. ಮನೆ ಎಲ್ಲಿ ಎಂದು ನಾನು ಕೇಳಿಯೇ ಇರಲಿಲ್ಲ!

ಆ ಪೊಲೀಸ್ ಹುಡುಗಿಯ ಹತ್ತಿರ ಹೋಗಿ ವಿಷಯ ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಕಡೆ ಹೀಗೇ ಕೇಳುವುದು, ಊರು ಅಂದರೆ ಹುಟ್ಟಿದ ಜಾಗ, ಎಂದೆಲ್ಲ ತೊದಲಿದೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಬೈಯಲಿಲ್ಲ. "ಸರಿ, ನಿಮ್ಮ ಹತ್ರ ಮಾತ್ರ ಮಾತಾಡ್ತಿದಾರೆ. ಈಗ ಮನೆ ಕೇಳಿ. ನಾನು ಆಂಬುಲೆನ್ಸ್‌ಗೆ ಹೇಳ್ತೀನಿ, ಅವರು ಬರೋವರೆಗೂ ನಿಮಗೆ ಟೈಮಿದೆ" ಅಂದಳು.

ಓಡಿ ಬಂದು ಕೇಳಿದೆ. ಮನೆ ಎಲ್ಲಿ? ಯಾವ ರಸ್ತೆ? ನಂಬರು? ಮಾರ್ತಾ ಪಿಳಿಪಿಳಿ ನೋಡಿದರು. ಊರಿನ ಬಗ್ಗೆ ಅಷ್ಟು ಮಾತಾಡಿದವರಿಗೆ ಮನೆಯ ನಂಬರು ಗೊತ್ತಿಲ್ಲ. ಮತ್ತೆ ಕೇಳಿದಾಗ ಗಾಬರಿಯಾಗಿ ಕೈ ಹಿಸುಕಿಕೊಳ್ಳತೊಡಗಿದರು. ಹೀಗೆ ಆಗುವುದಿಲ್ಲ ಅನ್ನಿಸಿತು. ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ ಶುರು ಮಾಡಿದೆ.

"ಮಧ್ಯಾಹ್ನ ಊಟಕ್ಕೆ ಏನಿತ್ತು?"

"ಸೂಪು. ಅದಕ್ಕೆ ಉಪ್ಪೇ ಇಲ್ಲ."

"ಯಾರು ಮಾಡಿದ್ದು?"

"ಮಗಳು. ಬೆಳಗ್ಗೆನೇ ಮಾಡಿಟ್ಟು ಹೋಗ್ತಾಳೆ. ಪಾಪ, ಅವಳ್ಗೂ ಟೈಮಿಲ್ಲ."

"ಊಟ ಆದ್ಮೇಲೆ ಏನ್ ಮಾಡ್ತೀರಿ? ಮಲಗ್ತೀರಾ?"

"ಇಲ್ಲ. ಕಿಟಕೀಲಿ ಕೂತ್ಕೋತೀನಿ. ಮಕ್ಕಳು ಬರ್ತಾರೆ. ಬಿಳಿ ಬಟ್ಟೆ ಹಾಕ್ಕೊಂಡು ಸಾಲಾಗಿ ನಿಂತು ಒದೀತಾರೆ. ಹೋ ಅಂತ ಕಿರುಚ್ತಾರೆ. ಒಬ್ಬಳಿಗೆ ಹಳದಿ ಬೆಲ್ಟು. ಅವಳು ಯಾವಾಗ್ಲೂ ಬಿದ್ದೋಗ್ತಾಳೆ."

ನಾನು ಎದ್ದು ನಿಂತೆ. ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿ ಟೇಕ್ವಾಂಡೋ ಕಲಿಸುವ ಒಂದು ಶಾಲೆಯಿತ್ತು. ಎದುರಿನ ಗೋಡೆ ಪೂರ್ತಿ ಗಾಜು. ಅದರ ಮುಂದೆಯೇ ಮೂರಂತಸ್ತಿನ ಹಳೆಯ ಅಪಾರ್ಟ್‌ಮೆಂಟು. ಬಸ್ ಸ್ಟಾಪಿನಿಂದ ಕೂಗಿದರೆ ಕೇಳುವಷ್ಟು ದೂರ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಗಿತ್ತು ನಮ್ಮ ಕಥೆ.

ಕಾರಿಗೆ ಬರಲು ಅವರು ಒಪ್ಪಲಿಲ್ಲ. ಕೈ ಹಿಡಿದು ನಡೆಸಿಕೊಂಡೇ ಹೋದೆ. ಪೊಲೀಸ್ ಹುಡುಗಿ ನಮ್ಮ ಹಿಂದೆ ಸ್ವಲ್ಪ ದೂರದಲ್ಲಿ ಬಂದಳು. ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಒಂದು ಬಾಗಿಲು ಹಾರುಹೊಡೆದಿತ್ತು, ಒಳಗೆ ಟಿವಿ ಓಡುತ್ತಿತ್ತು. ಮಾರ್ತಾ ಸೀದಾ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು, ಏನೂ ಆಗೇ ಇಲ್ಲವೇನೋ ಎಂಬಂತೆ. ನಾನು ಟವೆಲ್ ಹುಡುಕಿ ಅವರ ಕಾಲು ಒರೆಸಿದೆ. ಪಾದ ಹೆಪ್ಪುಗಟ್ಟಿದ ಹಾಗೆ ತಣ್ಣಗಿತ್ತು. ಆಂಬುಲೆನ್ಸಿನವರು ಅಲ್ಲಿಗೇ ಬಂದು ಪರೀಕ್ಷೆ ಮಾಡಿ, ಬೆಚ್ಚಗಿಟ್ಟರೆ ಸಾಕು ಎಂದರು. ತಮ್ಮ ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ ಕೂತಿದ್ದ ಮಾರ್ತಾ ಈ ಸಲ ಹೆದರಲಿಲ್ಲ.

ಅಷ್ಟರಲ್ಲಿ ಅವರ ಮಗಳು ಹೆಲೆನ್ ಬಂದಳು. ನನಗಿಂತ ಹದಿನೈದು ವರ್ಷ ದೊಡ್ಡವಳಿರಬೇಕು. ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ದಿನವೂ ಮಧ್ಯಾಹ್ನದ ಮೇಲೆ ಬಂದು ಕೂರುವ ಪಕ್ಕದ ಮನೆಯವರು ಅವತ್ತು ಬೇಗ ಹೊರಟುಬಿಟ್ಟಿದ್ದರು. ನಡೆದದ್ದನ್ನು ಕೇಳಿ ಅವಳು ಅಳಲಿಲ್ಲ. ಕೈಯಲ್ಲಿದ್ದ ಸಾಮಾನಿನ ಚೀಲದ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಮುಖದ ಆ ಸುಸ್ತು ನನಗೆ ಹೊಸದಾಗಿರಲಿಲ್ಲ. ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದೆ.

"ರುಸ್ಟೆನ್‌ಬರ್ಗ್ ಅಂದ್ರಾ? ಅಮ್ಮನೇ ಹೇಳಿದ್ರಾ?" ಎಂದು ಎರಡು ಸಲ ಕೇಳಿದಳು. ಅಮ್ಮ ಮೊದಲಿನಿಂದಲೂ ಹುಟ್ಟಿದ್ದು ಜೋಹಾನ್ಸ್‌ಬರ್ಗ್ ಅನ್ನುತ್ತಿದ್ದರಂತೆ. ಅದು ಬಿಟ್ಟರೆ ಊರು, ತವರು ಎಂದು ಒಂದು ಮಾತೂ ಆಡಿದವರಲ್ಲವಂತೆ. ಚಿಕ್ಕವಳಿದ್ದಾಗ ಕೇಳಿದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದರಂತೆ. "ನಿಮಗೆ ಏನೇನು ಹೇಳಿದ್ರು? ಒಂದ್ ದಿನ ಬಂದು ನನಗೆ ಹೇಳ್ತೀರಾ?" ಅಂದಳು. ಬರುತ್ತೇನೆ ಅಂದೆ.

ಆ ಶನಿವಾರವೇ ಹೋದೆ. ಹೆಲೆನ್ ಟೀ ಮಾಡಿಕೊಟ್ಟಳು. ಮಾರ್ತಾಗೆ ನನ್ನ ಗುರುತು ಹತ್ತಲಿಲ್ಲ. ಮುಗುಳ್ನಕ್ಕು ಮತ್ತೆ ಕಿಟಕಿಯ ಕಡೆ ತಿರುಗಿದರು. ಅಲ್ಲಿ ಮಕ್ಕಳು ಒದೆಯುತ್ತಿದ್ದರು. ನಾನು ನೆನಪಿದ್ದಷ್ಟನ್ನೂ ಹೇಳಿದೆ. ರುಸ್ಟ್ ಅಂದರೆ ಏನು, ಬರ್ಗ್ ಅಂದರೆ ಏನು, ಎತ್ತಿನ ಗಾಡಿಗಳು ಎಲ್ಲಿ ನಿಂತವು, ಹೊಗೆಸೊಪ್ಪು ಹೇಗೆ ನಾರುತ್ತಿತ್ತು. ಅವಳ ತಾಯಿಯ ಊರಿನ ಕಥೆಯನ್ನು ಅವಳಿಗೆ ಹೇಳುತ್ತಿರುವುದು ಮುಳ್ಳೂರಿನ ನಾನು ಎಂದು ಮಧ್ಯದಲ್ಲಿ ಒಮ್ಮೆ ಹೊಳೆದು ಮಾತು ತಡವರಿಸಿತು. ಮನೆಯಲ್ಲಿ ನನ್ನ ಮಗಳಿಗೆ ನಾನು ಏನು ಹೇಳಿದ್ದೇನೆ ಎಂದು ಯೋಚಿಸಿದರೆ, ಸಮ್ಮರ್ ರಜೆಯಲ್ಲಿ ಹೋಗೋಣ ಎಂಬ ಸುಳ್ಳು ಬಿಟ್ಟು ಬೇರೇನೂ ಇರಲಿಲ್ಲ.

ಸಾಕಿದ ಹೆಂಗಸಿನ ವಿಷಯ ಬಂದಾಗ ಹೆಲೆನ್ ಟೀ ಲೋಟ ಕೆಳಗಿಟ್ಟಳು. ಅಪ್ಪ ಹೊಡೆದದ್ದು, ಆಕೆ ಬಾಗಿಲಲ್ಲಿ ನಿಂತದ್ದು, ಎಲ್ಲ ಹೇಳಿ ಮುಗಿಸಿದೆ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಆಕೆಯ ಹೆಸರೇನು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅಷ್ಟೆಲ್ಲ ಕೇಳಿದ್ದೆ, ಊರು ಕೇಳಿದ್ದೆ, ಊಟ ಕೇಳಿದ್ದೆ, ಅದೊಂದನ್ನು ಕೇಳಿರಲಿಲ್ಲ. ಹೆಲೆನ್ ಎದ್ದು ಹೋಗಿ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಕೈ ಹಿಡಿದುಕೊಂಡು, "ಅಮ್ಮಾ, ನಿನ್ನನ್ನ ಸಾಕಿದವರ ಹೆಸರು ಹೇಳಮ್ಮ" ಅಂದಳು. ಮಾರ್ತಾ ಅವಳ ತಲೆ ನೇವರಿಸಿದರು. ಹೇಳಲಿಲ್ಲ. ಹೆಲೆನ್ ಮತ್ತೆ ಕೇಳಿದಳು. ನಾನೂ ಹತ್ತಿರ ಹೋಗಿ ಕೇಳಿದೆ. ಮಾರ್ತಾ ನಮ್ಮಿಬ್ಬರನ್ನೂ ಒಂದಿಷ್ಟು ಹೊತ್ತು ನೋಡಿ, ಹೊರಗೆ ಬೆರಳು ತೋರಿಸಿ, "ನೋಡಿ, ಅವಳು ಮತ್ತೆ ಬಿದ್ಲು" ಅಂದರು.

ಆಮೇಲೆ ನಾನು ಹೋದಾಗಲೆಲ್ಲ ಕೇಳುತ್ತಿದ್ದೆ. ಹೆಲೆನ್ ದಿನವೂ ಕೇಳುತ್ತಿದ್ದಳು. ಬರಬರುತ್ತಾ ಮಾರ್ತಾಗೆ ರುಸ್ಟೆನ್‌ಬರ್ಗ್ ಎಂಬ ಹೆಸರೂ ಅಪರಿಚಿತವಾಯಿತು. ಮರುವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಜೀವನವಿಡೀ ಕೂರದೆ ದುಡಿದ ಆ ಹೆಂಗಸನ್ನು ಕರೆಯಲು ಒಂದು ಹೆಸರಿತ್ತು. ಅದನ್ನು ಬಲ್ಲವರು ಅವತ್ತು ಬಸ್ ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು, ಮಾತಾಡುವ ಮನಸ್ಸಿನಲ್ಲಿದ್ದರು. ಕೇಳಿದ್ದರೆ ಹೇಳುತ್ತಿದ್ದರು.